ತೋಳಿನ ಮೇಲಿನ ಹುಲಿ ಯಾವ ಹುಲಿ?

ಬೋರ್ಡೋ ದ್ರಾವಣದ ಹದ, ಕಾಂಡಕೊರಕದ ಹಾವಳಿ, ಅಡಿಕೆ ಧಾರಣೆ, ಸಾಲದ ಕಂತು ಇವುಗಳ ನಡುವೆ ನಮ್ಮ ವಾರ್ತಾಪತ್ರದಲ್ಲಿ ಸೈನಿಕರ ಸಮವಸ್ತ್ರದ ಮಾತು ಬಂದರೆ ಕೆಲವು ಸದಸ್ಯರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಿದೆ. ಸಂಘದ ಸಭಾಭವನದ ಗೋಡೆಗೆ ತೂಗುಹಾಕಲು ಹಳೆಯ ತೋಟಗಳ, ಹಳೆಯ ಸದಸ್ಯರ ಫೋಟೋಗಳಿದ್ದರೆ ದಯಮಾಡಿ ಕೊಡಿ ಎಂದು ನಾವು ಕೇಳಿಕೊಂಡಿದ್ದೆವು. ತೋಟದ ಫೋಟೋ ಬಂದದ್ದು ಕಡಿಮೆ. ಬಂದವುಗಳಲ್ಲಿ ಹೆಚ್ಚಿನವು ಖಾಕಿ ಉಡುಪಿನವು. ಅಜ್ಜ, ದೊಡ್ಡಜ್ಜ, ಅಜ್ಜಿಯ ಅಣ್ಣ, ಹೀಗೆ ಒಂದಲ್ಲ ಒಂದು ಮನೆಯ ಹಿರಿಯರು ಸ್ಟುಡಿಯೋದ ಪರದೆಯ ಮುಂದೆ ನೆಟ್ಟಗೆ ನಿಂತು ತೆಗೆಸಿಕೊಂಡ ಚಿತ್ರಗಳು. ಕೊಡಗಿನ ಸದಸ್ಯರ ಮನೆಗಳಲ್ಲಿ ಇಂಥದ್ದು ಇರುವುದು ಸಹಜ. ಆದರೆ ಘಟ್ಟದ ಈಚೆಯ ಅಡಿಕೆ ತೋಟದ ಮನೆಗಳಿಂದಲೂ ಇಷ್ಟೊಂದು ಬಂದೀತೆಂದು ನಾವು ಎಣಿಸಿರಲಿಲ್ಲ.

ಫೋಟೋ ಕೊಡುವವರು ತಪ್ಪದೆ ಕೇಳುವ ಪ್ರಶ್ನೆ ಒಂದೇ. ‘ಸೆಕ್ರೆಟ್ರಿಗಳೇ, ತೋಳಿನ ಮೇಲೆ ಏನೋ ಚಿತ್ರ ಇದೆಯಲ್ಲ, ಇದೇನು?’ ಒಬ್ಬರ ತೋಳಿನಲ್ಲಿ ಕೋಳಿಹುಂಜ, ಇನ್ನೊಬ್ಬರದರಲ್ಲಿ ಇಸ್ಪೀಟಿನ ಎಕ್ಕ, ಮತ್ತೊಬ್ಬರದರಲ್ಲಿ ಬರಿಯ ಕಪ್ಪು ಚೌಕ. ಒಬ್ಬ ಸದಸ್ಯರ ಮನೆಯಲ್ಲಿ ಈ ಇಸ್ಪೀಟಿನ ಎಕ್ಕದಿಂದಾಗಿ ‘ನಮ್ಮಜ್ಜ ದಂಡಿನಲ್ಲಿ ದೊಡ್ಡ ಜೂಜುಗಾರನಂತೆ’ ಎಂಬ ಕತೆಯೇ ಹುಟ್ಟಿಕೊಂಡಿದೆ. ಪಾಪ, ಆತ ಒಂದು ಎಲೆಯನ್ನೂ ಆಡಿದವನಿರಲಾರ. ಅವನ ಡಿವಿಷನ್ನಿನಲ್ಲಿದ್ದ ಸಾವಿರಾರು ಮಂದಿಯ ತೋಳಿನಲ್ಲೂ ಅದೇ ಎಕ್ಕ ಇತ್ತು.

ಈ ಬಟ್ಟೆಯ ಗುರುತು ರೆಜಿಮೆಂಟಿನದಲ್ಲ ಎಂಬುದನ್ನು ಸದಸ್ಯರು ಮೊದಲು ಗಮನಿಸಬೇಕು. ರೆಜಿಮೆಂಟಿನ ಗುರುತು ಟೋಪಿಯ ಮೇಲೂ ಭುಜದ ತುದಿಯ ಹಿತ್ತಾಳೆಯ ಅಕ್ಷರಗಳಲ್ಲೂ ಇರುತ್ತದೆ. ಭುಜದ ಕೆಳಗೆ ತೋಳಿಗೆ ಹೊಲಿದ ಈ ಚಿತ್ರ ಡಿವಿಷನ್ನಿನದೋ ಸೈನ್ಯದ ಇನ್ನೂ ದೊಡ್ಡ ವಿಭಾಗದ್ದೋ ಆಗಿರುತ್ತದೆ. ಒಂದು ಡಿವಿಷನ್ನೆಂದರೆ ಹತ್ತು ಹದಿನೈದು ಸಾವಿರ ಜನ. ಅದರೊಳಗೆ ಪಂಜಾಬಿನ ಪದಾತಿ, ಗೂರ್ಖಾ, ಮದ್ರಾಸ್ ಸ್ಯಾಪರ್ಸ್, ಲಾರಿ ಓಡಿಸುವ ಸರ್ವಿಸ್ ಕೋರ್, ಆಸ್ಪತ್ರೆಯವರು ಎಲ್ಲರೂ ಸೇರಿರುತ್ತಾರೆ, ಎಲ್ಲರ ತೋಳಿಗೂ ಒಂದೇ ಚಿತ್ರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇದು ಕಾಫಿ ಮೂಟೆಯ ಮೇಲೆ ಹಾಕುವ ಎಸ್ಟೇಟಿನ ಮಾರ್ಕಿನಂತೆ. ಮೂಟೆ ಯಾವ ತೋಟದ್ದೆಂದು ಅದು ಹೇಳುತ್ತದೆ. ಒಳಗಿರುವುದು ಅರೇಬಿಕಾವೋ ರೋಬಸ್ಟಾವೋ, ಯಾವ ಬ್ಲಾಕಿನದೋ ಹೇಳುವುದಿಲ್ಲ.

ಅಂಕೆ ಬಿಟ್ಟು ಚಿತ್ರ ಏಕೆಂದರೆ, ಒಂದು, ಗುಟ್ಟು. 17ನೇ ಡಿವಿಷನ್ ಎಂದು ತೋಳಿನಲ್ಲಿ ಬರೆದುಕೊಂಡು ರೈಲು ನಿಲ್ದಾಣದಲ್ಲಿ ಇಳಿದರೆ ಶತ್ರುವಿನ ಗೂಢಚಾರನಿಗೆ ಬೇರೆ ಕೆಲಸವೇ ಬೇಡ. ಎರಡು, ಅಕ್ಷರ ಬಾರದ, ಹತ್ತಾರು ಭಾಷೆಯ ಜನರ ಸೈನ್ಯದಲ್ಲಿ ಲಾರಿಯ ಮೇಲಿನ ಬೆಕ್ಕನ್ನೋ ಬಾಣವನ್ನೋ ಗುರುತಿಸುವುದು ಎಲ್ಲರಿಗೂ ಸುಲಭ. 1939ರಲ್ಲಿ ಮಹಾಯುದ್ಧ ಶುರುವಾದಾಗ ಬಟ್ಟೆಯ ಮೇಲೆ ಈ ಗುರುತು ಹಾಕುವ ಪದ್ಧತಿ ಇರಲಿಲ್ಲ. ಅದು ವ್ಯಾಪಕವಾದದ್ದು 1940ರ ನಂತರ. ಆದ್ದರಿಂದ ಮೊದಲ ಮಹಾಯುದ್ಧದಲ್ಲಿ ಹೋಗಿಬಂದವರ ಫೋಟೋದಲ್ಲಿ ಇದನ್ನು ಹುಡುಕುತ್ತ ಕೂರಬೇಕಾಗಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಮೇಲೆ ಕುದುರೆ ಏರಿ ನುಗ್ಗಿದವರ ಜೊತೆಗಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್‌ನವರನ್ನು ಗುರುತಿಸಬೇಕಾದದ್ದು ಭುಜದ ಲೋಹದ ಅಕ್ಷರಗಳಿಂದ ಮತ್ತು ಪೇಟದಿಂದ.

ಇನ್ನು ಕಪ್ಪು ಚೌಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಫೋಟೋ ನೋಡುವವರು ಮುಗ್ಗರಿಸುವುದು ಇಲ್ಲಿಯೇ. ಆ ಕಾಲದ ಬಹಳಷ್ಟು ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪಿದ್ದ ಜಾಗವೆಲ್ಲ ಕಪ್ಪಾಗಿ ಬರುತ್ತಿತ್ತು, ನೀಲಿ ಬಹುಮಟ್ಟಿಗೆ ಬಿಳಿಯಾಗಿ ಬರುತ್ತಿತ್ತು, ಹಳದಿ ಬೂದಾಗುತ್ತಿತ್ತು. ಕೆಂಪು ಕಾಣುವ ಫಿಲ್ಮು ಇರಲಿಲ್ಲವೆಂದಲ್ಲ, ಆದರೆ ಅಗ್ಗದ ರೋಲುಗಳಲ್ಲಿ ಹಳೆಯ ಬಗೆ ಬಹಳ ಕಾಲ ಉಳಿದಿತ್ತು. ಕೊಡಕ್ ಕಂಪನಿಯ ಜನಪ್ರಿಯ ವೆರಿಕ್ರೋಮ್ ರೋಲು 1956ರವರೆಗೂ ಇದೇ ಜಾತಿಯದು. ಈಗ ನೋಡಿ: 4ನೇ ಭಾರತೀಯ ಡಿವಿಷನ್ನಿನ ಗುರುತು ಕಪ್ಪು ಚೌಕದ ಮೇಲೆ ಹಾರುವ ಕೆಂಪು ಹದ್ದು. 5ನೇ ಡಿವಿಷನ್ನಿನದು ಕಪ್ಪು ಚೌಕದ ಮೇಲೆ ಕೆಂಪು ಬೆಂಕಿಯುಂಡೆ. ಕೆಂಪು ಕಪ್ಪಾದ ಮೇಲೆ ಉಳಿಯುವುದೇನು? ಎರಡೂ ಕಡೆ ಬರಿಯ ಕಪ್ಪು ಚೌಕ. ಹದ್ದೂ ಹೋಯಿತು, ಬೆಂಕಿಯುಂಡೆಯೂ ಹೋಯಿತು.

ಹಾಗಾದರೆ ಗೊತ್ತುಮಾಡುವುದು ಹೇಗೆ? ಎದೆಯ ಮೇಲಿನ ರಿಬ್ಬನ್ನುಗಳಿಂದ. 4ನೇ ಡಿವಿಷನ್ 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರ್ರಾನಿಯಲ್ಲಿ, ಆಮೇಲೆ ಎರಿಟ್ರಿಯದ ಕೆರೆನ್‌ನಲ್ಲಿ, ಟ್ಯುನೀಸಿಯದಲ್ಲಿ, 1944ರಲ್ಲಿ ಇಟಲಿಯ ಕಸ್ಸೀನೊದಲ್ಲಿ ಹೋರಾಡಿತು. ಬರ್ಮಾ ಕಡೆಗೆ ಅದು ಬರಲೇ ಇಲ್ಲ. 5ನೇಯದು ಕೆರೆನ್, ಲಿಬಿಯಾದ ಮರಳುಗಾಡು ಎಲ್ಲ ಮುಗಿಸಿಕೊಂಡು ಅರಾಕಾನಿಗೆ ಬಂತು, 1944ರ ಮಾರ್ಚಿನಲ್ಲಿ ವಿಮಾನಗಳಲ್ಲಿ ಇಂಫಾಲಕ್ಕೆ ಇಳಿಯಿತು. ಹೀಗಾಗಿ ಕಪ್ಪು ಚೌಕದ ಜೊತೆ ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್ ಎರಡರ ರಿಬ್ಬನ್ನೂ ಇದ್ದರೆ ಅದು ಬೆಂಕಿಯುಂಡೆ ಎನ್ನಲು ಅಡ್ಡಿಯಿಲ್ಲ. ಆಫ್ರಿಕಾದ ಜೊತೆ ಇಟಲಿಯದಿದ್ದರೆ ಹದ್ದು. ಬರ್ಮಾ ಸ್ಟಾರಿನ ರಿಬ್ಬನ್ನು ನೀಲಿ, ನಡುವೆ ಅಗಲವಾದ ಕೆಂಪು ಪಟ್ಟಿ, ನೀಲಿಯೊಳಗೆ ಎರಡು ಬದಿ ಕಿತ್ತಳೆ ಗೆರೆ. ಹಳೆಯ ಫಿಲ್ಮಿನಲ್ಲಿ ನಡುವಿನ ಪಟ್ಟಿ ಕಪ್ಪಾಗಿ ಎದ್ದು ಕಾಣುತ್ತದೆ. ಈ ಸ್ಟಾರ್ ಜಾರಿಗೆ ಬಂದದ್ದು 1945ರ ಮೇ ತಿಂಗಳಲ್ಲಿ, ಆದ್ದರಿಂದ ಅದರ ರಿಬ್ಬನ್ನಿರುವ ಫೋಟೋ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಬಣ್ಣ ಹಚ್ಚಿದ ಫೋಟೋಗಳನ್ನಂತೂ ನಂಬಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಊರಿನ ಸ್ಟುಡಿಯೋದವರು ಕಪ್ಪು ಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ತುಂಬುವಾಗ ತೋಳಿನ ಗುರುತಿಗೆ ಕುಂಚದಲ್ಲಿ ಆಗ ಯಾವ ಬಣ್ಣ ಇತ್ತೋ ಅದನ್ನೇ ಹಚ್ಚುತ್ತಿದ್ದರು. ತುಟಿಗೆ ಹಚ್ಚಿದ ಗುಲಾಬಿಯನ್ನೇ ತೋಳಿಗೂ ಹಚ್ಚಿದ ಒಂದು ಚಿತ್ರ ನಮ್ಮ ಮೇಜಿನ ಮೇಲೆಯೇ ಇದೆ.

ಬಣ್ಣ ಬಿಟ್ಟು ಆಕಾರ ಹಿಡಿಯಬೇಕು. 19ನೇ ಡಿವಿಷನ್ನಿನ ಗುರುತು ಕೆಂಪಿನ ಮೇಲೆ ಹಳದಿಯ ಮುಷ್ಟಿ, ಮುಷ್ಟಿಯಲ್ಲಿ ಬಾಕು. 20ನೇಯದು ಕಪ್ಪಿನ ಮೇಲೆ ಬಿಳಿಯ ಕೈ, ಕೈಯಲ್ಲಿ ಕತ್ತಿ. ಫೋಟೋದಲ್ಲಿ ಎರಡೂ ಕಪ್ಪಿನ ಮೇಲೆ ಮಾಸಲು ಕೈಯಾಗಿಯೇ ಕಾಣುತ್ತವೆ. ಅಲಗು ನೇರವಾಗಿದ್ದರೆ 19, ಕುಡುಗೋಲಿನಂತೆ ಬಾಗಿದ್ದರೆ 20. ಇದೇನು ಮಹಾ ವ್ಯತ್ಯಾಸ ಎನ್ನಬೇಡಿ. ಮೊದಲನೆಯವರು 1945ರ ಮಾರ್ಚಿನಲ್ಲಿ ಮಾಂಡಲೆಯನ್ನು ಹಿಡಿದವರು. ಎರಡನೆಯವರು ಯುದ್ಧ ಮುಗಿದ ಮೇಲೆ ಸೈಗಾನಿಗೆ ಹೋದವರು. ಅಜ್ಜ ಮಾಂಡಲೆಯಲ್ಲಿದ್ದನೋ ಸೈಗಾನಿನಲ್ಲಿದ್ದನೋ ಎಂಬುದು ಆ ಅಲಗಿನ ಬಾಗಿನಲ್ಲಿದೆ.

ಕೋಳಿಹುಂಜ 23ನೇ ಡಿವಿಷನ್ನು. ಇಂಫಾಲದ ಸುತ್ತ ಕಾದಾಡಿ ಕೊನೆಗೆ ಜಾವಾಕ್ಕೆ ಹೋಯಿತು. ಕೋಳಿ ಅಂಕದ ಊರುಗಳ ನಮ್ಮ ಸದಸ್ಯರಿಗೆ ಈ ಗುರುತಿನ ಮೇಲೆ ವಿಶೇಷ ಪ್ರೀತಿ ಬಂದರೆ ತಪ್ಪಿಲ್ಲ. ಬಾಣ 7ನೇಯದು. ಕಪ್ಪು ಬೆಕ್ಕು 17ನೇಯದು, ಆದರೆ 1942ರಲ್ಲಿ ಬರ್ಮಾದಿಂದ ಹಿಂದೆ ಸರಿಯುವವರೆಗೆ ಅವರ ಗುರುತು ಮಿಂಚಿನ ಗೆರೆಯಾಗಿತ್ತು. ಮಿಂಚಿರುವ ಫೋಟೋ ಸಿಕ್ಕಿದರೆ ಅದನ್ನು ಜೋಪಾನವಾಗಿಡಿ, ಅದು ಸೋತು ನಡೆದು ಬಂದ ಆ ವರ್ಷದ ಚಿತ್ರ. ರೆಕ್ಕೆಯ ಕುದುರೆಯೂ ಕೆಳಗೆ ‘ಇಂಡಿಯಾ’ ಎಂಬ ಅಕ್ಷರವೂ ಇದ್ದರೆ ಪ್ಯಾರಾಚೂಟಿನವರು. ಪಗೋಡದ ಮುಂದೆ ಕೂತ ಸಿಂಹದಂಥ ಪ್ರಾಣಿಯಿದ್ದರೆ ವಿಂಗೇಟರ ಚಿಂಡಿಟ್ ಪಡೆ. ಗುರಾಣಿಯ ಮೇಲೆ ತುದಿ ಕೆಳಮುಖವಾದ ಬಿಳಿ ಖಡ್ಗವಿದ್ದರೆ ಜನರಲ್ ಸ್ಲಿಮ್ಮರ 14ನೇ ಸೈನ್ಯ. ಲಾಂಛನ ಶಾಸ್ತ್ರದವರ ಪ್ರಕಾರ ಖಡ್ಗದ ತುದಿ ಮೇಲಿರಬೇಕಂತೆ. ಬರ್ಮಾವನ್ನು ಉತ್ತರದಿಂದ ಕೆಳಕ್ಕೆ ಗೆಲ್ಲಬೇಕಾಗಿದ್ದರಿಂದ ಸ್ಲಿಮ್ಮರು ಬೇಕೆಂದೇ ಕೆಳಕ್ಕೆ ತಿರುಗಿಸಿದರು.

ಇಸ್ಪೀಟಿನ ಎಕ್ಕ 25ನೇ ಡಿವಿಷನ್ನು, ಹಸಿರಿನ ಮೇಲೆ ಕಪ್ಪು. ಕೊಡಗಿನವರಿಗೆ ಇದು ಬಹಳ ಹತ್ತಿರದ ಗುರುತು. ಮಡಿಕೇರಿಯ ತಿಮ್ಮಯ್ಯನವರು ಅರಾಕಾನಿನಲ್ಲಿ 8/19 ಹೈದರಾಬಾದ್ ಪಲ್ಟನ್ನಿನ ನಾಯಕರಾಗಿದ್ದದ್ದು ಈ ಡಿವಿಷನ್ನಿನಲ್ಲಿಯೇ. ಹೈದರಾಬಾದ್ ಎಂದ ಕೂಡಲೇ ನಿಜಾಮರ ಸೈನ್ಯವೆಂದು ತಿಳಿಯಬಾರದು. ಆ ರೆಜಿಮೆಂಟು 1945ರಲ್ಲಿ ಕುಮಾಂವ್ ರೆಜಿಮೆಂಟ್ ಎಂಬ ಹೆಸರು ಪಡೆಯಿತು, ಅದರಲ್ಲಿದ್ದವರು ಬಹುತೇಕ ಉತ್ತರದ ಜನ. ಹೆಸರು ನಂಬಿ ಮೋಸಹೋಗುವುದು ಚಿತ್ರ ನಂಬಿ ಮೋಸಹೋಗುವಷ್ಟೇ ಸುಲಭ.

ಇಷ್ಟು ಪೀಠಿಕೆ ಹಾಕಿದ್ದು ಹುಲಿಯ ವಿಷಯಕ್ಕಾಗಿ.

ನಮ್ಮ ಸದಸ್ಯರೊಬ್ಬರು, ಮೂವತ್ತರ ಹರೆಯದ ತರುಣರು, ಕಾಫಿ ಜೊತೆ ಅಡಿಕೆಯನ್ನೂ ಚೆನ್ನಾಗಿ ಬೆಳೆದಿರುವವರು, ಅಜ್ಜನ ಫೋಟೋ ತಂದರು. ತೋಳಿನಲ್ಲಿ ಹುಲಿ. ಅವರು ಅದಾಗಲೇ ತೀರ್ಮಾನಕ್ಕೆ ಬಂದಿದ್ದರು. ಹುಲಿಯೆಂದರೆ ನೇತಾಜಿಯ ಸೈನ್ಯ, ಅಜ್ಜ ಐ.ಎನ್.ಎ.ಯವರು. ಊರಿನ ಶಾಲೆಗೆ ರಂಗಮಂಟಪ ಕಟ್ಟಿಸಿಕೊಡಲು ಮನೆಯವರು ಒಪ್ಪಿದ್ದರು, ಅದರ ಕಲ್ಲಿನ ಮೇಲೆ ‘ಆಜಾದ್ ಹಿಂದ್ ಫೌಜಿನ ಯೋಧ, ಸ್ವಾತಂತ್ರ್ಯ ಹೋರಾಟಗಾರ’ ಎಂದು ಕೆತ್ತಿಸಲು ಬರೆದುಕೊಟ್ಟೂ ಆಗಿತ್ತು. ನಮ್ಮನ್ನು ಕೇಳಿದ್ದು ಅಕ್ಷರ ತಪ್ಪಿದೆಯೇ ನೋಡಿ ಎಂದು ಮಾತ್ರ.

ಹುಲಿ ಎರಡು ಉಂಟು. ಒಂದು ಜರ್ಮನಿಯಲ್ಲಿ ಸುಭಾಷರು ಕಟ್ಟಿದ ಲೀಜನ್ನಿನದು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಆದ ಪಡೆ ಅದು. ಜರ್ಮನ್ ಉಡುಪು, ಬಲತೋಳಿನ ಮೇಲೆ ಕೇಸರಿ ಬಿಳಿ ಹಸಿರಿನ ಗುರಾಣಿ, ಅದರ ಮೇಲೆ ನೆಗೆಯುವ ಹುಲಿ, ಮೇಲುಗಡೆ ಜರ್ಮನ್ ಭಾಷೆಯಲ್ಲಿ ‘ಫ್ರೈಯೆಸ್ ಇಂಡಿಯನ್’, ಅಂದರೆ ಸ್ವತಂತ್ರ ಭಾರತ. ಆ ಪಡೆ ಇದ್ದದ್ದು ಹಾಲೆಂಡಿನ ಮತ್ತು ಫ್ರಾನ್ಸಿನ ಕರಾವಳಿಯಲ್ಲಿ. ಸುಭಾಷರು 1943ರ ಫೆಬ್ರವರಿಯಲ್ಲಿ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟರು, ಲೀಜನ್ನು ಯುರೋಪಿನಲ್ಲೇ ಉಳಿಯಿತು. ಇನ್ನೊಂದು ಹುಲಿ ಬ್ರಿಟಿಷ್ ಇಂಡಿಯಾ ಸೈನ್ಯದ 26ನೇ ಡಿವಿಷನ್ನಿನದು. ನೀಲಿ ತ್ರಿಕೋನದೊಳಗಿಂದ ಹೊರಗೆ ಕಾಲಿಡುತ್ತಿರುವ ಬಂಗಾಳದ ಹುಲಿ. ತ್ರಿಕೋನವೆಂದರೆ ಗಂಗೆಯ ಮುಖಜಭೂಮಿ. ಈ ಹುಲಿ ನೆಗೆಯುವುದಿಲ್ಲ, ನಡೆಯುತ್ತದೆ. ಈ ಡಿವಿಷನ್ ಅರಾಕಾನಿನಲ್ಲಿ ಜಪಾನಿಯರ ವಿರುದ್ಧ ಕಾದಾಡಿತು. ನಮ್ಮ ಕಾರಿಯಪ್ಪನವರೇ ಬುಥಿಡೌಂಗ್ ಕಡೆಯ ಯುದ್ಧದಲ್ಲಿ ಈ ಹುಲಿ ಡಿವಿಷನ್ನಿನ ಅಧಿಕಾರಿಯಾಗಿದ್ದರು. ಒಂದು ಹುಲಿ ಒಂದು ಪಕ್ಷ, ಇನ್ನೊಂದು ಹುಲಿ ಎದುರು ಪಕ್ಷ.

ಭೂತಗನ್ನಡಿ ಹಿಡಿದು ನೋಡಿದೆವು. ಕಾಫಿ ಎಲೆಯ ಹಸಿರು ಹೇನು ನೋಡಲು ಸಂಘದಲ್ಲಿ ಇಟ್ಟಿರುವ ಕನ್ನಡಿಯೇ ಅದು, ಇದಕ್ಕೂ ಚೆನ್ನಾಗಿ ಆಗುತ್ತದೆ. ಫೋಟೋಕ್ಕೆ ಬೂಷ್ಟು ಹಿಡಿದು ಗುರುತಿನ ಕೆಳಭಾಗ ಹಾಳಾಗಿತ್ತು. ಆದರೂ ಹುಲಿಯ ಬೆನ್ನಿನ ಮೇಲೆ ಮಸುಕಾದ ಒಂದು ಬಿಳಿ ಮೂಲೆ, ಬಾಲದ ಬದಿಯಿಂದ ಇಳಿಯುವ ಒಂದು ಓರೆ ಗೆರೆ. ನೀಲಿ ಬಿಳಿಯಾಗುವ ಫಿಲ್ಮು. ತ್ರಿಕೋನದ ತುದಿ. ಎದೆಯ ಮೇಲೆ ನಡುವೆ ಕಪ್ಪು ಪಟ್ಟಿಯ ರಿಬ್ಬನ್ನು, ಬರ್ಮಾ ಸ್ಟಾರ್. ಬ್ರಿಟಿಷರ ವಿರುದ್ಧ ಹೋರಾಡಿದವನ ಎದೆಗೆ ಬ್ರಿಟಿಷ್ ದೊರೆ ಈ ರಿಬ್ಬನ್ನು ಕೊಡುವುದುಂಟೇ? ಉಡುಪೂ ಜರ್ಮನಿಯದಲ್ಲ, ಕಾಡಿನ ಯುದ್ಧದ ಸಡಿಲ ಅಂಗಿ.

ತರುಣರಿಗೆ ಬೇಸರವಾಯಿತು. ಆಗಬೇಕಾದ್ದೇ. ‘ಹಾಗಾದರೆ ಯುದ್ಧ ಮುಗಿದ ಮೇಲೆ ಒಂದು ವರ್ಷ ಅಜ್ಜ ಎಲ್ಲಿದ್ದರು ಸಾರ್? ಐ.ಎನ್.ಎ.ಯವರ ಜೊತೆ ಜೈಲಿನಲ್ಲಿದ್ದರು ಅಂತಲೇ ನಾವು ತಿಳಿದಿದ್ದೆವು’ ಎಂದರು. ಈ ಮಾತನ್ನು ಕೇಳಿದ ಮೇಲೆ ಅವರ ಮನೆಗೇ ಹೋದೆವು, ಏಕೆಂದರೆ ಅಜ್ಜನ ತಂಗಿ ಇನ್ನೂ ಇದ್ದಾರೆ. ತೊಂಬತ್ತು ದಾಟಿದ್ದರೂ ಮಾತು ನಿಚ್ಚಳ. ಅವರು ಹೇಳಿದ್ದು ಇಷ್ಟು. ಯುದ್ಧ ಮುಗಿಯಿತೆಂದು ಶಾಲೆಯಲ್ಲಿ ಮಿಠಾಯಿ ಹಂಚಿದರು. ಊರಿನಿಂದ ದಂಡಿಗೆ ಹೋದ ಬೇರೆಯವರು ಒಬ್ಬೊಬ್ಬರಾಗಿ ಬಂದರು. ಅಣ್ಣ ಬರಲಿಲ್ಲ. ಒಂದು ಮಳೆಗಾಲ ಕಳೆಯಿತು. ಅವನು ಸೆರೆಮನೆಯಲ್ಲಿದ್ದಾನೆ ಎಂದರು ಕೆಲವರು, ಬರ್ಮಾದಲ್ಲಿ ಹೆಂಗಸನ್ನು ಕಟ್ಟಿಕೊಂಡ ಎಂದರು ಕೆಲವರು, ಓಡಿಹೋದ ಎಂದರು ದಾಯಾದಿಗಳು. ಮದುವೆಗೆ ಮಾತಾಗಿದ್ದ ಹುಡುಗಿಯನ್ನು ಅವರ ಮನೆಯವರು ಬೇರೆ ಕಡೆ ಕೊಟ್ಟುಬಿಟ್ಟರು. ‘ಬಂದ ಮೇಲೆ ಅವನೂ ಏನೂ ಹೇಳಲಿಲ್ಲ ಮಗಾ. ಅಪ್ಪ ಸಾಯುವ ತನಕ ಅವನನ್ನು ಸರಿಯಾಗಿ ಮಾತಾಡಿಸಲಿಲ್ಲ’ ಎಂದರು.

26ನೇ ಡಿವಿಷನ್ ಎಲ್ಲಿತ್ತು ಎಂಬುದು ದಾಖಲೆಯಲ್ಲಿರುವ ವಿಷಯ. 1945ರ ಮೇ ತಿಂಗಳ ಆರಂಭದಲ್ಲಿ ಸಮುದ್ರದಿಂದ ರಂಗೂನಿಗೆ ಇಳಿದದ್ದು ಈ ಡಿವಿಷನ್ನು. ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಸುಮಾತ್ರಕ್ಕೆ ಕಳಿಸಿದರು. ಪಡಾಂಗ್, ಮೆಡಾನ್ ಊರುಗಳಲ್ಲಿ 1946ರ ಕೊನೆಯ ಹೊತ್ತಿನವರೆಗೆ ಅದು ಇತ್ತು. ಅಂದರೆ ನಡೆಯುವ ಹುಲಿಯನ್ನು ತೋಳಿಗೆ ಕಟ್ಟಿಕೊಂಡವನೊಬ್ಬ ಯುದ್ಧ ಮುಗಿದು ಒಂದು ವರ್ಷದ ಮೇಲೆ ಮನೆಗೆ ಬಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ತೋಳಿನ ಗುರುತೊಂದನ್ನೇ ಹಿಡಿದು ಇಷ್ಟು ದೂರ ಹೇಳುವುದು ಸರಿಯಲ್ಲವೆಂದು ಅಜ್ಜನ ಪೆಟ್ಟಿಗೆ ತೆಗೆಸಿದೆವು. ಪದಕಗಳು ಹಳೆಯ ಸಿಗರೇಟು ಡಬ್ಬಿಯಲ್ಲಿದ್ದವು. ಸದಸ್ಯರು ಇದನ್ನು ನೆನಪಿಡಬೇಕು: ಎರಡನೇ ಮಹಾಯುದ್ಧದ ಸ್ಟಾರುಗಳ ಮೇಲೆ ಹೆಸರು ಕೆತ್ತಿ ಕೊಡುತ್ತಿರಲಿಲ್ಲ, ಅವು ಯಾರದ್ದೂ ಆಗಬಹುದು. ಆದರೆ ಜನರಲ್ ಸರ್ವಿಸ್ ಮೆಡಲ್ ಎಂಬ ಬೆಳ್ಳಿಯ ದುಂಡು ಪದಕದ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು ಇರುತ್ತದೆ. ಜಾವಾ, ಸುಮಾತ್ರಗಳಲ್ಲಿ ಇದ್ದವರಿಗೆ ಆ ಪದಕದ ಮೇಲೆ ‘ಎಸ್.ಇ. ಏಷ್ಯಾ 1945-46’ ಎಂಬ ಪಟ್ಟಿಯನ್ನು ಕೂಡಿಸಿ ಕೊಟ್ಟರು. ಡಬ್ಬಿಯಲ್ಲಿ ಅದು ಇತ್ತು. ಹುಣಸೆಹಣ್ಣು ಹಾಕಿ ಉಜ್ಜಲು ಹೊರಟವರನ್ನು ತಡೆದು, ಅಂಚನ್ನು ಬೆಳಕಿಗೆ ತಿರುಗಿಸಿ ಓದಿದೆವು. ಅಜ್ಜನ ಹೆಸರು, ಮುಂದೆ ಡ್ರೈವರ್ ಎಂಬ ಹುದ್ದೆ, ಸರ್ವಿಸ್ ಕೋರ್. ಊರಿಗೆ ಬಂದ ಮೇಲೆ ಆತ ಮೂವತ್ತು ವರ್ಷ ಎಸ್ಟೇಟಿನ ಲಾರಿ ಓಡಿಸಿದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಲಿತದ್ದು ಎಲ್ಲಿ ಎಂಬುದು ಗೊತ್ತಿರಲಿಲ್ಲ.

ಮೊಮ್ಮಗನಿಗೆ ಹುಲಿಯ ಜೊತೆ ಇನ್ನೊಂದು ಮುಳ್ಳೂ ಸಿಕ್ಕಿತು. ಸುಮಾತ್ರದಲ್ಲಿ ಆಗ ಏನು ನಡೆಯುತ್ತಿತ್ತು ಎಂದು ಅವರು ಓದಿ ತಿಳಿದುಕೊಂಡರು. ಜಪಾನಿಯರ ಶಸ್ತ್ರ ಕಸಿಯುವುದು, ಶಿಬಿರಗಳಲ್ಲಿದ್ದ ಕೈದಿಗಳನ್ನು ಬಿಡಿಸುವುದು ಭಾರತೀಯ ಪಡೆಗಳಿಗೆ ಕೊಟ್ಟ ಕೆಲಸ. ಆದರೆ ಇಂಡೊನೇಷ್ಯದವರು 1945ರ ಆಗಸ್ಟ್ 17ರಂದೇ ಸ್ವಾತಂತ್ರ್ಯ ಸಾರಿದ್ದರು, ಡಚ್ಚರು ಹಿಂದಿರುಗಲು ನೋಡುತ್ತಿದ್ದರು, ನಡುವೆ ನಮ್ಮವರು. ಹೊಡೆದಾಟಗಳಾದವು. ಅಲ್ಲಿ ಭಾರತೀಯ ಸೈನಿಕರನ್ನು ಬಳಸುವುದನ್ನು ನೆಹರೂ ಅವರು ಆಗಲೇ ಬಹಿರಂಗವಾಗಿ ಖಂಡಿಸಿದ್ದರು. ‘ಸ್ವಾತಂತ್ರ್ಯ ಹೋರಾಟಗಾರ ಅಂತ ಕಲ್ಲು ಕೆತ್ತಿಸಲು ಹೋದೆ, ಅಜ್ಜ ಇನ್ನೊಬ್ಬರ ಸ್ವಾತಂತ್ರ್ಯಕ್ಕೆ ಅಡ್ಡ ನಿಂತಿದ್ದರಾ ಸಾರ್?’ ಎಂದು ಅವರು ಕೇಳಿದರು. ಲಾರಿ ಡ್ರೈವರನ್ನು ಎಲ್ಲಿಗೆ ಹೋಗುತ್ತೀಯೆಂದು ಯಾರೂ ಕೇಳುವುದಿಲ್ಲ, ಅಕ್ಕಿ ಮೂಟೆ ಹೇರಿದರೆ ಅಕ್ಕಿ, ಜನ ಹತ್ತಿದರೆ ಜನ ಎಂದು ನಾವು ಹೇಳಿದೆವು. ಆ ಉತ್ತರ ಅವರಿಗೆ ಸಾಲಲಿಲ್ಲ. ನಮಗೂ ಪೂರ್ತಿ ಸಾಲದು. ಆತ ಊರಿಗೆ ಬಂದು ಬಾಯಿ ಬಿಡದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಆದರೆ ಅಜ್ಜನ ತಂಗಿಯ ಮನಸ್ಸು ಬೇರೆ ಕಡೆಗಿತ್ತು. ‘ಸರ್ಕಾರವೇ ಇಟ್ಟುಕೊಂಡಿತ್ತಾ? ಅವನಾಗಿ ಉಳಿದದ್ದಲ್ಲವಾ?’ ಎಂದು ಎರಡು ಸಲ ಕೇಳಿದರು. ಅಲ್ಲ, ಅಮ್ಮ ಎಂದೆವು. ಪದಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಸದ್ಯ ಅದು ಅವರ ಹತ್ತಿರವೇ ಇದೆ, ಗೋಡೆಗೆ ಬೇಕೆಂದು ಕೇಳುವ ಧೈರ್ಯ ನಮಗಾಗಿಲ್ಲ. ಕಲ್ಲಿನ ಮೇಲೆ ಈಗ ಹೆಸರು, ‘ಡ್ರೈವರ್, ಆರ್ಮಿ ಸರ್ವಿಸ್ ಕೋರ್, ಬರ್ಮಾ ಮತ್ತು ಸುಮಾತ್ರ’ ಎಂದಿದೆ.

ಹೀಗೆಂದ ಮಾತ್ರಕ್ಕೆ ಐ.ಎನ್.ಎ. ಸೇರಿದವರು ನಮ್ಮ ಕಡೆ ಇರಲೇ ಇಲ್ಲವೆಂದಲ್ಲ. ತಿಮ್ಮಯ್ಯನವರು ಎಕ್ಕದ ಗುರುತು ಧರಿಸಿ ಅರಾಕಾನಿನಲ್ಲಿದ್ದರೆ ಅವರ ಸ್ವಂತ ಅಣ್ಣ ಪೊನ್ನಪ್ಪನವರು ಸಿಂಗಪುರದಲ್ಲಿ ಸೆರೆಸಿಕ್ಕ ಮೇಲೆ ಐ.ಎನ್.ಎ. ಸೇರಿದ್ದರು. ಒಂದೇ ಮನೆಯ ಇಬ್ಬರು ಎರಡು ಪಕ್ಷ. ಅಂಥವರ ಮನೆಗಳಲ್ಲಿ ಸಮವಸ್ತ್ರದ ಫೋಟೋಕ್ಕಿಂತ ಕಾಗದಪತ್ರ ಸಿಗುವುದೇ ಹೆಚ್ಚು. ಐ.ಎನ್.ಎ.ಯವರಿಗೂ ಸೇರಿದಂತೆ ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಯೋಧರ ಪಿಂಚಣಿ ಶುರುಮಾಡಿದಾಗ ಬೇಕಾದದ್ದು ಸೆರೆವಾಸದ, ಸೇವೆಯ ದಾಖಲೆಗಳೇ. ಫೋಟೋದ ಹುಲಿಯನ್ನು ತೋರಿಸಿ ಅಂಥ ಗೌರವ ಕೇಳುವುದು ನಿಜವಾಗಿ ಸೆರೆಯಲ್ಲಿದ್ದವರಿಗೆ ಮಾಡುವ ಅನ್ಯಾಯವೆಂದು ನಮಗೆ ತೋರುತ್ತದೆ.

ಇನ್ನು ಕೆಲವು ಸಣ್ಣ ವಿಷಯಗಳು. ಸ್ವಾತಂತ್ರ್ಯದ ನಂತರವೂ ನಮ್ಮ ಸೈನ್ಯ ಹಳೆಯ ಗುರುತುಗಳನ್ನು ಉಳಿಸಿಕೊಂಡಿದೆ. ಕೆಂಪು ಹದ್ದು 1940ರ ಈಜಿಪ್ಟಿನಲ್ಲೂ ಇತ್ತು, 1962ರಲ್ಲಿ ಸೇಲಾ, ಬೊಮ್ಡಿಲದಲ್ಲೂ ಇತ್ತು, 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರದಲ್ಲೂ ಇತ್ತು. ಆದ್ದರಿಂದ ಅಧಿಕಾರಿಯ ಫೋಟೋವಾದರೆ ಭುಜವನ್ನು ನೋಡಿ. ಕಿರೀಟವಿದ್ದರೆ 1950ರ ಜನವರಿ 26ಕ್ಕೆ ಹಿಂದಿನದು, ಅಶೋಕನ ಸಿಂಹವಿದ್ದರೆ ಅನಂತರದ್ದು. ತೋಳಿನ ಗುರುತಿನಲ್ಲಿಯೇ ಕಿರೀಟ, ಅದರೊಂದಿಗೆ ಬರಹದ ಸುರುಳಿ ಇದ್ದರೆ ಅದು 1946-47ರಲ್ಲಿ ಜಪಾನಿನಲ್ಲಿ ಕಾವಲಿದ್ದ ಕಾಮನ್‌ವೆಲ್ತ್ ಪಡೆ. ತಿಮ್ಮಯ್ಯನವರ 268ನೇ ಬ್ರಿಗೇಡು, ಅದರಲ್ಲಿ ಮರಾಠಾ ಪಲ್ಟನ್ನಿನವರೂ ಅಲ್ಲಿಗೆ ಹೋಗಿದ್ದರು. ಬೆಳಗಾವಿ ಕಡೆ ನೆಂಟರಿರುವ ಸದಸ್ಯರು ವಿಚಾರಿಸಬಹುದು. ತಿಳಿನೀಲಿಯ ಮೇಲೆ ಬಿಳಿಯ ಭೂಗೋಳವಿದ್ದರೆ ವಿಶ್ವಸಂಸ್ಥೆ: ಗಾಜಾ, ಕಾಂಗೋ ಅಥವಾ ಸೈಪ್ರಸ್. ಹಳೆಯ ಫಿಲ್ಮಿನಲ್ಲಿ ಇದು ಏನೂ ಇಲ್ಲದ ಬಿಳಿ ತುಂಡಿನಂತೆ ಕಾಣುತ್ತದೆ.

ಫೋಟೋ ತಿರುವುಮುರುವಾಗಿ ಅಚ್ಚಾಗಿದೆಯೇ ಎಂಬುದನ್ನೂ ನೋಡಬೇಕು. ರಿಬ್ಬನ್ನುಗಳು ಎಡ ಎದೆಯ ಮೇಲಿರಬೇಕು, ಗಂಡಸರ ಅಂಗಿಯ ಎಡ ಅಂಚು ಮೇಲೆ ಬಂದು ಗುಂಡಿ ಹಾಕಿರಬೇಕು. ಇಲ್ಲವಾದರೆ ಬೆಕ್ಕು, ಹುಲಿ, ಬಾಣ ಎಲ್ಲವೂ ದಿಕ್ಕು ತಪ್ಪಿರುತ್ತವೆ.

ತೋಳಿನ ಜಾಗವನ್ನು ಬ್ಲೇಡಿನಿಂದ ಕೆರೆದ ಎರಡು ಫೋಟೋಗಳೂ ನಮಗೆ ಬಂದಿವೆ. ಯುದ್ಧಕಾಲದಲ್ಲಿ ಪತ್ರಿಕೆಗೆ ಹೋಗುವ ಚಿತ್ರಗಳಲ್ಲಿ ಈ ಗುರುತನ್ನು ಅಳಿಸುವ ಪದ್ಧತಿ ಸೆನ್ಸಾರಿನವರಿಗೆ ಇತ್ತು. ಆದರೆ ಮನೆಯ ಗೋಡೆಯ ಫೋಟೋವನ್ನು ಕೆರೆಯಲು ಸೆನ್ಸಾರಿನವರು ಬಂದಿರಲಾರರು. ಇಂಥದ್ದನ್ನು ಕಂಡರೆ ಮನೆಯ ಹಿರಿಯರನ್ನು ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳುವುದು ಒಳ್ಳೆಯದು. ಹೇಳದಿದ್ದರೆ ಬಿಡುವುದು ಇನ್ನೂ ಒಳ್ಳೆಯದು.

ಫೋಟೋ ತರುವ ಸದಸ್ಯರಲ್ಲಿ ವಿನಂತಿ. ಚೌಕಟ್ಟು ಬಿಚ್ಚಬೇಡಿ, ಗಾಜಿಗೆ ಅಂಟಿದ್ದರೆ ಕೀಳಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಅಡಿಕೆ ಬೇಯಿಸುವ ಒಲೆಯ ಹೊಗೆ ತಾಗುವ ಗೋಡೆಯಲ್ಲಿದ್ದರೆ ಇಂದೇ ಒಳಗಿನ ಕೋಣೆಗೆ ಸಾಗಿಸಿ. ಹಿಂಬದಿಯ ಸ್ಟುಡಿಯೋ ಮೊಹರನ್ನು ಮೊಬೈಲಿನಲ್ಲಿ ಬೇರೆಯಾಗಿ ಚಿತ್ರ ತೆಗೆದುಕೊಳ್ಳಿ, ಎಷ್ಟೋ ಸಲ ಊರಿನ ಹೆಸರು ಅಲ್ಲಿರುತ್ತದೆ. ಫೋಟೋದಲ್ಲಿರುವವರ ಹೆಸರನ್ನು ಪೆನ್ಸಿಲಿನಿಂದ ಹಿಂದೆ ಬರೆಯಿರಿ, ಬಾಲ್‌ಪೆನ್ನು ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಸೈನ್ಯದ ನಂಬರಿರುವ ಬಿಡುಗಡೆ ಪತ್ರ, ಪದಕ ಏನಿದ್ದರೂ ಜೊತೆಗೆ ತನ್ನಿ. ನಂಬರು ಸಿಕ್ಕಿದರೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬಹುದು. ಮದ್ರಾಸ್ ಸ್ಯಾಪರ್ಸ್ ಮತ್ತು ಸರ್ವಿಸ್ ಕೋರಿನ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ, ಕಾಗದ ನಾವು ಬರೆದುಕೊಡುತ್ತೇವೆ. ಮರಳದೆ ಉಳಿದವರ ಹೆಸರು ರಂಗೂನಿನ ಬಳಿಯ ತೌಕ್ಯಾನ್ ಸ್ಮಾರಕದ ಕಂಬಗಳ ಮೇಲೆ ಇರಬಹುದು, ಅಲ್ಲಿ ಸುಮಾರು 27,000 ಹೆಸರುಗಳಿವೆ. ಅದನ್ನು ಹುಡುಕಲು ತಂದೆಯ ಹೆಸರೂ ಊರಿನ ಹೆಸರೂ ಬೇಕಾಗುತ್ತದೆ.

ಭೂತಗನ್ನಡಿ ಕಚೇರಿಯ ಮೇಜಿನ ಮೇಲಿದೆ. ತೂಕದ ದಿನಗಳಲ್ಲಿ ನಮಗೆ ಬಿಡುವಿರುವುದಿಲ್ಲ, ಉಳಿದ ದಿನ ಮಧ್ಯಾಹ್ನ ಮೂರರ ಮೇಲೆ ಬನ್ನಿ.